ಅಂಬಾಸಿಡರ್‌ಗೆ ಬೇರೆ ಸೆಲ್ಫ್ ಕೂರಿಸುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳ ಶೆಡ್ಡಿನಲ್ಲಿ ಹಳೆಯ ಅಂಬಾಸಿಡರ್ ಈಗಲೂ ಕಾಣಸಿಗುತ್ತದೆ. ಸೆಲ್ಫ್, ಅಂದರೆ ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರ್, ಕೈಕೊಟ್ಟರೂ ಅಲ್ಲಿ ಯಾರಿಗೂ ಗಾಬರಿಯಿಲ್ಲ. ಇಳಿಜಾರಿನಲ್ಲಿ ಬಿಟ್ಟು, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರಾಯಿತು. ಆದರೆ ಹಾಸನ ಪೇಟೆಯ ನಡುರಸ್ತೆಯಲ್ಲಿ ಗಾಡಿ ಆಫ್ ಆದರೆ ಇಳಿಜಾರು ಎಲ್ಲಿಂದ ತರುವುದು?

ಮೊದಲು ಮೋಟಾರ್ ನಿಜಕ್ಕೂ ಕೆಟ್ಟಿದೆಯಾ ನೋಡಿ. ಚಾರ್ಜ್ ಆದ ಬ್ಯಾಟರಿ ಸುಮ್ನೆ ಇರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಮಲೆನಾಡಿನ ಮಳೆಗೆ ಇಂಜಿನ್‌ನಿಂದ ಗಾಡಿಯ ಲೋಹದ ಮೈಗೆ ಬರುವ ಅರ್ತ್ ಪಟ್ಟಿ ತುಕ್ಕು ಹಿಡಿದಿರುವುದೇ ಜಾಸ್ತಿ. ಅದನ್ನು ಉಜ್ಜಿ ಬಿಗಿ ಮಾಡಿ. ಮೋಟಾರ್ ಗರ್ರನೆ ತಿರುಗಿಯೂ ಇಂಜಿನ್ ಅಲುಗದಿದ್ದರೆ ಬೆಂಡಿಕ್ಸ್‌ನಲ್ಲಿ (ಮೋಟಾರಿನ ಹಲ್ಲುಚಕ್ರವನ್ನು ಸರಿಸಿ ಇಂಜಿನ್ನಿಗೆ ಕಚ್ಚಿಸುವ ಭಾಗ) ಕೊಳೆ ಕೂತಿರಬಹುದು. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಗ್ರೀಸ್ ಮಾತ್ರ ಹಚ್ಚಬೇಡಿ, ಧೂಳು ಅಂಟಿ ಮತ್ತೆ ಅದೇ ಕಥೆ.

ಅಂಗಡಿಯಲ್ಲಿ ‘ಅಂಬಾಸಿಡರ್ ಸೆಲ್ಫ್ ಕೊಡಿ’ ಅಂದರೆ ಸಾಲದು. ಹಳೆಯ 1489 ಸಿಸಿ ಪೆಟ್ರೋಲ್ ಇಂಜಿನ್ನಿನದೇ ಬೇರೆ, ಆಮೇಲೆ ಬಂದ ಇಸುಜು ಇಂಜಿನ್ನಿನದೇ ಬೇರೆ. ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಬೋಲ್ಟ್ ತೂತು, ಪಿನಿಯನ್ (ಮೋಟಾರಿನ ಸಣ್ಣ ಹಲ್ಲುಚಕ್ರ) ಹಲ್ಲಿನ ಲೆಕ್ಕ, ಮೂತಿಯ ಉದ್ದ, ತಿರುಗುವ ದಿಕ್ಕು ಪಕ್ಕಪಕ್ಕ ಇಟ್ಟು ತಾಳೆ ನೋಡಿ.

ಕೆಲಸಕ್ಕೆ ಕೂರುವಾಗ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿಯ ಅರ್ತ್ ವಯರನ್ನೇ ಮೊದಲು ಬಿಚ್ಚಿ. ತೀರಾ ಹಳೆಯ ಗಾಡಿಗಳಲ್ಲಿ ಪ್ಲಸ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿಯೇ ಗಾಡಿಯ ಮೈಗೆ ಸೇರಿರುವುದುಂಟು. ಹಾಗಾಗಿ ಗಾಡಿಯ ಮೈಗೆ ಹೋಗುವ ವಯರ್ ಯಾವುದು ಅಂತ ಕಣ್ಣಾರೆ ನೋಡಿಕೊಳ್ಳಿ. ಆಮೇಲೆ ಮೋಟಾರಿನ ದಪ್ಪ ಕೇಬಲ್ ತೆಗೆದು, ಎರಡು ಬೋಲ್ಟ್ ಬಿಚ್ಚಿ ಹೊರಗೆಳೆಯಿರಿ. ಭಾರ ಇರುತ್ತದೆ, ಕೆಳಗೊಂದು ಕೈ ಇರಲಿ.

ತೂತು ಖಾಲಿ ಇರುವಾಗಲೇ ಫ್ಲೈವೀಲಿನ ರಿಂಗ್ ಗೇರ್ (ಪಿನಿಯನ್ ಕಚ್ಚಿ ತಿರುಗಿಸುವ, ಇಂಜಿನ್ನಿನ ದೊಡ್ಡ ಚಕ್ರದ ಸುತ್ತಲಿನ ಹಲ್ಲು) ನೋಡಿಬಿಡಿ. ಬಹಳ ಜನ ಇದನ್ನು ಬಿಡುತ್ತಾರೆ. ನಾಲ್ಕು ಸಿಲಿಂಡರ್ ಇಂಜಿನ್ ಆಫ್ ಆದಾಗ ಹೆಚ್ಚಾಗಿ ಎರಡೇ ಜಾಗದಲ್ಲಿ ನಿಲ್ಲುತ್ತದೆ. ಹಾಗಾಗಿ ಅಲ್ಲಿನ ಹಲ್ಲುಗಳೇ ಸವೆಯುತ್ತವೆ. ಇಂಜಿನ್ ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಹಾಕಿ ಪೂರ್ತಿ ಒಂದು ಸುತ್ತು ತಿರುಗಿಸುತ್ತಾ ಟಾರ್ಚ್ ಬಿಟ್ಟು ನೋಡಿ. ಹಲ್ಲು ತಿಂದುಹೋಗಿದ್ದರೆ ಹೊಸ ಸೆಲ್ಫ್ ಹಾಕಿಯೂ ದಂಡ.

ಕೂರಿಸುವ ಜಾಗದಲ್ಲಿ ತುಕ್ಕು, ಬಣ್ಣ ಏನೂ ಉಳಿಯಬಾರದು. ಒಂದು ಮೂಲೆಯಲ್ಲಿ ಚೂರು ಬಣ್ಣ ಸಿಕ್ಕಿಕೊಂಡರೂ ಮೋಟಾರ್ ಓರೆ ಕೂರುತ್ತದೆ. ಕರೆಂಟ್ ವಾಪಸ್ ಹೋಗುವುದೂ ಅದೇ ಲೋಹದ ಮೂಲಕ ಅಲ್ವಾ? ಹೊಸದಾಗಿ ಪೇಂಟ್ ಹೊಡೆದ ಮೋಟಾರ್ ಆದರೆ ಫ್ಲೇಂಜಿನ (ಬೋಲ್ಟ್ ತೂತಿರುವ ಅಗಲದ ಅಂಚು) ಪೇಂಟನ್ನೂ ಕೆರೆಯಿರಿ. ಹಳೆಯದರ ಜೊತೆ ಪ್ಯಾಕಿಂಗ್ ತಗಡು ಇದ್ದರೆ ಎಸೆಯಬೇಡಿ. ಸುಮ್ಮನಿರುವ ಪಿನಿಯನ್ ರಿಂಗ್ ಗೇರಿಗೆ ತಾಗದಂತೆ ದೂರ ಕಾಯುವುದು ಅದೇ.

ಮೋಟಾರ್ ಕೈಯಿಂದಲೇ ಪೂರ್ತಿ ಒಳಗೆ ಕೂರಬೇಕು. ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಫ್ಲೇಂಜ್ ಸೀಳೀತು. ಎರಡೂ ಬೋಲ್ಟನ್ನು ಬೆರಳಲ್ಲೇ ಹಿಡಿಸಿ, ಅದಕ್ಕಿಷ್ಟು ಇದಕ್ಕಿಷ್ಟು ಅಂತ ಬಿಗಿ ಮಾಡುತ್ತಾ ಬನ್ನಿ.

ಕೇಬಲ್ ಹಾಕಿ, ಕೊನೆಗೆ ಅರ್ತ್ ವಯರ್ ಹಾಕಿ. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಮೋಟಾರ್ ತಣ್ಣಗಾಗಲಿ. ಕರಕರ ಸದ್ದು ಬಂದರೆ ಓರೆ ಕೂತಿದೆ ಅಂತ ಮೊದಲು ಅನುಮಾನಿಸಿ, ಬಿಚ್ಚಿ ಮತ್ತೆ ಕೂರಿಸಿ. ಟಕ್ ಅಂದು ಪಿನಿಯನ್ ಸಿಕ್ಕಿಕೊಂಡರೆ ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಮತ್ತು ಕಲ್ಲು ತೆಗೆದು, ಸಮತಟ್ಟು ಜಾಗದಲ್ಲಿ ಗಾಡಿಯನ್ನು ಹಿಂದೆ ಮುಂದೆ ಅಲುಗಾಡಿಸಿ. ಸಾಮಾನ್ಯವಾಗಿ ಬಿಡುತ್ತದೆ. ಮೋಟಾರಿನ ಹಿಂದೆ ಶಾಫ್ಟಿನ ತುದಿ ಚೌಕವಾಗಿದ್ದರೆ ಸ್ಪ್ಯಾನರ್ ಹಾಕಿ ತಿರುಗಿಸಿದರೂ ಬಿಡಿಸಬಹುದು.