ಅಪೆಂಡಿಕ್ಸ್ ಕಣ್ಣಿಗೆ ಬೀಳದಿದ್ದಾಗ

ಹೊಟ್ಟೆ ತೆರೆದಾಗಿದೆ, ಅಪೆಂಡಿಕ್ಸ್ ಕಾಣುತ್ತಿಲ್ಲ. ಸರ್ಜರಿ ಕಲಿಯುವವರು ಇಲ್ಲಿ ಬೆರಳು ತೂರಿಸಿ ತಡಕಾಡುತ್ತಾರೆ. ಕೊಳೆತ ಅಪೆಂಡಿಕ್ಸ್ ಒಡೆಯುವುದು ಹೀಗೆಯೇ. ಮೊದಲು ಸೀಕಂ, ಅಂದರೆ ದೊಡ್ಡ ಕರುಳು ಶುರುವಾಗುವ ಚೀಲ, ಹುಡುಕಿ. ತುದಿ ಎಲ್ಲಿಗಾದರೂ ಹೋಗಿರಲಿ, ಬುಡ ಸೀಕಂ ಬಿಟ್ಟು ಕದಲುವುದಿಲ್ಲ: ಹಿಂಬದಿಯ ಒಳಮಗ್ಗುಲಲ್ಲಿ, ಇಲಿಯಂ (ಸಣ್ಣ ಕರುಳಿನ ಕೊನೆಯ ಭಾಗ) ಸೇರುವ ಕವಾಟದಿಂದ ಸುಮಾರು 2 ಸೆಂ.ಮೀ. ಕೆಳಗೆ, ಮೂರು ಟೀನಿಯಾಗಳು (ದೊಡ್ಡ ಕರುಳಿನ ಉದ್ದಕ್ಕೂ ಓಡುವ ಸ್ನಾಯುಪಟ್ಟಿಗಳು) ಕೂಡುವ ಜಾಗ. ಮುಂಭಾಗದ ಟೀನಿಯಾ ಹಿಡಿದು ಕೆಳಗಿಳಿದರೆ ಸಾಕು. ಕೈಗೆ ಸಿಕ್ಕ ಕರುಳಿಗೆ ಟೀನಿಯಾ ಇಲ್ಲದಿದ್ದರೆ ಅದು ಸಣ್ಣ ಕರುಳು. ಓಮೆಂಟಂ (ಕರುಳಿನ ಮೇಲೆ ಇಳಿಬಿದ್ದ ಕೊಬ್ಬಿನ ಪದರ) ಅಂಟಿಕೊಂಡಿದ್ದರೆ ಅಡ್ಡ ಕೊಲೊನ್, ಅಂದರೆ ದೊಡ್ಡ ಕರುಳಿನ ಅಡ್ಡ ಭಾಗ.

1933ರಲ್ಲಿ ಬ್ರಿಟಿಷ್ ಸರ್ಜನ್ ವೇಕ್ಲಿ ಪ್ರಕಟಿಸಿದ 10,000 ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಪಾಲು ಅಪೆಂಡಿಕ್ಸ್‌ಗಳು ಸೀಕಂನ ಹಿಂದೆಯೇ ಅಡಗಿದ್ದವು. ಹಾಗಿದ್ದರೆ ಎಳೆಯಬೇಡಿ. ಗಾಯವನ್ನು ಹೊರಮಗ್ಗುಲಿಗೆ ಹಿಗ್ಗಿಸಿ, ಸೀಕಂನ ಹೊರ ಅಂಚಿನ ಪೆರಿಟೋನಿಯಂ (ಹೊಟ್ಟೆಯ ಒಳಪೊರೆ) ಕತ್ತರಿಸಿ, ಸೀಕಂ ಅನ್ನು ಒಳಕ್ಕೆ ಮಗುಚಿ. ಆಳಕ್ಕಿಳಿದರೆ ಯೂರೆಟರ್ (ಮೂತ್ರಪಿಂಡದಿಂದ ಇಳಿಯುವ ಮೂತ್ರನಾಳ) ಇದೆ, ಎಚ್ಚರ. ತುದಿ ಬಿಡಿಸಲಾಗದಷ್ಟು ಅಂಟಿದ್ದರೆ ಮೊದಲು ಬುಡ ಕಟ್ಟಿ ಕತ್ತರಿಸಿ, ಮೀಸೋಅಪೆಂಡಿಕ್ಸನ್ನು (ಅಪೆಂಡಿಕ್ಸಿಗೆ ರಕ್ತನಾಳ ತರುವ ಪೊರೆ) ಸ್ವಲ್ಪಸ್ವಲ್ಪವೇ ಕಟ್ಟುತ್ತ ತುದಿಯತ್ತ ಸಾಗಿ.

ಬಲ ಕೆಳಹೊಟ್ಟೆಯಲ್ಲಿ ಸೀಕಂ ಕೂಡ ಇಲ್ಲವೇ? ಅದು ಕೆಳಗಿಳಿಯದೆ ಯಕೃತ್ತಿನ ಅಡಿಯಲ್ಲೇ ಉಳಿದಿರಬಹುದು. ಆಗ ನೋವು ಪಿತ್ತಕೋಶದ್ದೆನಿಸುತ್ತದೆ. ಕರುಳು ಸರಿಯಾಗಿ ತಿರುಗದಿದ್ದರೆ ಎಡಕ್ಕೂ ಇರಬಹುದು. ಚಿಕ್ಕ ಗಾಯದೊಳಗೆ ಗುದ್ದಾಡುವುದಕ್ಕಿಂತ ಲ್ಯಾಪರೊಸ್ಕೋಪ್ (ಹೊಟ್ಟೆಯೊಳಗೆ ನೋಡುವ ಕ್ಯಾಮೆರಾ ಕೊಳವೆ) ಹಾಕುವುದು ಅಥವಾ ನಡುಗೆರೆಯಲ್ಲಿ ತೆರೆಯುವುದು ಲೇಸು.

ಅಪೆಂಡಿಕ್ಸಿನ ರಕ್ತನಾಳ ಇಲಿಯೋಕೋಲಿಕ್ ಎಂಬ ಅಪಧಮನಿಯಿಂದ ಹೊರಟು ಇಲಿಯಂ ಹಿಂದೆ ಹಾದು ಮೀಸೋಅಪೆಂಡಿಕ್ಸಿನ ಅಂಚಿಗೆ ಬರುತ್ತದೆ. ಅದನ್ನು ಕಟ್ಟಿದ ಮೇಲೂ ಬುಡದಲ್ಲಿ ರಕ್ತ ಜಿನುಗಿದರೆ ಶೇಷಾಚಲಂ ಹೆಸರಿನ ಉಪನಾಳವನ್ನು ಶಂಕಿಸಿ. ಅದಕ್ಕೆ ಪ್ರತ್ಯೇಕ ಕಟ್ಟು ಬೇಕು.

ಬುಡವನ್ನು 2-0 ಗಾತ್ರದ ಕರಗುವ ದಾರದಲ್ಲಿ ಕಟ್ಟಿ, ಮೋಟನ್ನು 5 ಮಿ.ಮೀ.ಗಿಂತ ಉದ್ದ ಬಿಡಬೇಡಿ. ಉದ್ದ ಉಳಿದ ಮೋಟಿನಲ್ಲಿ ಮಲದ ಹರಳು ಸಿಕ್ಕಿ ಮತ್ತೆ ಅಪೆಂಡಿಸೈಟಿಸ್ ಬರಬಹುದು. ಟೀನಿಯಾ ಕೂಡುವುದನ್ನು ಕಣ್ಣಾರೆ ನೋಡದೆ ಕತ್ತರಿಸಿದಾಗಲೇ ಈ ತಪ್ಪಾಗುವುದು. ಬುಡವೇ ಕಪ್ಪಾಗಿದ್ದರೆ ಕಟ್ಟು ಹಾಕಬೇಡಿ, ದಾರ ಕೊಯ್ದು ಮಲ ಸೋರುತ್ತದೆ. ಸೀಕಂನ ಆರೋಗ್ಯವಂತ ಅಂಚನ್ನೂ ಸೇರಿಸಿ ಸ್ಟೇಪ್ಲರ್ ಹಾಕಿ. ಕವಾಟ ಕಿರಿದಾಗದಂತೆ ನೋಡಿಕೊಳ್ಳಿ.

ಅಪೆಂಡಿಕ್ಸ್ ಆರೋಗ್ಯವಾಗಿಯೇ ಇದ್ದರೆ ಹೊಟ್ಟೆ ಮುಚ್ಚುವ ಮುನ್ನ ಇಲಿಯಂನ ಕೊನೆಯ 60 ಸೆಂ.ಮೀ.ಗಿಂತ ಹೆಚ್ಚೇ ಎಳೆದು ನೋಡಿ. ಮೆಕೆಲ್ಸ್ ಡೈವರ್ಟಿಕ್ಯುಲಂ (ಹುಟ್ಟಿನಿಂದಲೇ ಇಲಿಯಂ ಮೇಲಿರುವ ಚೀಲದಂಥ ಉಬ್ಬು) ಇರಬಹುದು. ಹೆಂಗಸರಲ್ಲಿ ಬಲ ಅಂಡಾಶಯವನ್ನೂ ನೋಡಿ. ಹುಟ್ಟಿನಿಂದಲೇ ಅಪೆಂಡಿಕ್ಸ್ ಇಲ್ಲವೆಂದು ಕೇಸ್ ಶೀಟ್‌ನಲ್ಲಿ ಬರೆಯುವುದು ಸೀಕಂ ಅನ್ನು ಪೂರ್ತಿ ಬಿಡಿಸಿ, ಹಿಂಬದಿ ನೋಡಿದ ಮೇಲಷ್ಟೇ.