ಕೌದಿ ಹೊಲಿಗೆ ಬಿಟ್ಟ ಮೇಲೆ ಒಣಗಿದ ಮಾಪ್ ಬಟ್ಟೆ

ಹಳೇ ಬನಿಯನ್ನಿನ ಮಾಪ್ ಬಟ್ಟೆ ನಾಲ್ಕು ಒಗೆತಕ್ಕೆ ಪಿಸಿದುಹೋಗುತ್ತದೆ ಅಂದವರೇ ಹೆಚ್ಚು. ನಾನು ಹೊಲಿದದ್ದು ಈಗ ಎರಡನೇ ಮಳೆಗಾಲ ದಾಟಿದೆ, ಒಂದು ಹೊಲಿಗೆಯೂ ಬಿಟ್ಟಿಲ್ಲ.

ಮೊದಲಿನವು ಕೆಟ್ಟಿದ್ದು ಕೌದಿಯ ಹಾಗೆ ಆರೇಳು ಪದರ ಸೇರಿಸಿ ಮೈತುಂಬ ಹೊಲಿದಿದ್ದಕ್ಕೆ. ನೋಡಲು ಚೆಂದ. ಆದರೆ ಮಳೆಗಾಲದಲ್ಲಿ ನಡುವಿನ ಪದರ ಎರಡು ದಿನವಾದರೂ ಹಸಿ, ಆಮೇಲೆ ಮುಗ್ಗಲು ವಾಸನೆ. ಫಿನಾಯಿಲ್ ಸುರಿದರೂ ಹೋಗದು. ಹಾಗಾಗಿ ಈಗ ನಡುಮಧ್ಯೆ ಮಾತ್ರ ಹೊಲಿಗೆ, ಎರಡೂ ಪಕ್ಕ ಬಿಡಿ. ತಂತಿಗೆ ಹಾಕಿದರೆ ಪದರಗಳ ನಡುವೆ ಗಾಳಿಯಾಡುತ್ತದೆ.

ಬಟ್ಟೆ ಸಿಕ್ಕಿಸುವ ಮಾಪಿನ ಚಪ್ಪಟೆ ಹಲಗೆ ಸುಮಾರು 15×5 ಇಂಚು. ಜೀನ್ಸ್ ತಳ 17×7 ಕತ್ತರಿಸಿ ಸುತ್ತ ಅರ್ಧ ಇಂಚು ಮಡಚಿದೆ. ಹಲಗೆ ತೂರಿಸಲು ಎರಡೂ ತುದಿಗೆ 4 ಇಂಚಿನ ಜೇಬು, ಅದೂ ಜೀನ್ಸಿನದೇ. ಸೀರೆ ಬಟ್ಟೆಯಾದರೆ ಹಲಗೆಯ ಮೂಲೆ ತಾಗಿ ಹರಿಯುತ್ತದೆ. ಜೀನ್ಸಿನ ಕೆಳಗೆ 16×8ರ ಬನಿಯನ್ ನಾಲ್ಕು ಪದರ. ಪಕ್ಕಕ್ಕೆ ಒಂದು ಇಂಚು ಹೊರಬಂದರೆ ಮೂಲೆಯ ಧೂಳು ಹಿಡಿಯುತ್ತದೆ, ಅದಕ್ಕಿಂತ ಹೆಚ್ಚಾದರೆ ಕುರ್ಚಿ ಕಾಲಿಗೆ ಸಿಕ್ಕಿ ಮಗುಚಿಕೊಳ್ಳುತ್ತದೆ. ಹೆಣಿಗೆ ಬಟ್ಟೆಯಾದ್ದರಿಂದ ಅಂಚಿನ ನೂಲು ಬಿಡುವುದಿಲ್ಲ, ಸುರುಳಿ ಸುತ್ತುತ್ತದೆ ಅಷ್ಟೆ.

ಟೀ ಶರ್ಟ್ ಬಳಸುವುದಾದರೆ ಒಂದು ಎಳೆ ಸುಟ್ಟು ನೋಡಿ. ಕಾಗದದ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ನೀರು ಹೀರದೆ ಬರೀ ತಳ್ಳುತ್ತದೆ.

ಪದರಗಳನ್ನು ಕೂಡಿಸಲು ನಡುಮಧ್ಯೆ ಅರ್ಧ ಇಂಚು ಅಂತರದಲ್ಲಿ ಎರಡು ಸಾಲು ಹೊಲಿಗೆ. ಸೂಜಿ 18 ನಂಬರ್, ಹೊಲಿಗೆ ಉದ್ದ 4 ಮಿ.ಮೀ. ಆಸುಪಾಸು, ಸಣ್ಣ ಹೊಲಿಗೆ ಹಾಕಿದರೆ ತೂತುಗಳ ಸಾಲಿನಲ್ಲೇ ಬನಿಯನ್ ಹರಿಯುತ್ತದೆ. ಅಡಿಗೆ ಪೇಪರ್ ಪಟ್ಟಿ ಇಟ್ಟು ಹೊಲಿದು ಆಮೇಲೆ ಕಿತ್ತರೆ ಬಟ್ಟೆ ಹಿಗ್ಗದು. ದಾರ ಮಾತ್ರ ಪಾಲಿಯೆಸ್ಟರ್ ಇರಲಿ. ಸದಾ ತೇವದಲ್ಲಿ ಹತ್ತಿ ದಾರ ಮೊದಲು ಕೊಳೆಯುತ್ತದೆ.

ಖರ್ಚು ದಾರ ಸೇರಿ ಹತ್ತೋ ಹದಿನೈದೋ ರೂಪಾಯಿ. ಅಂಗಡಿಯ ರೀಫಿಲ್ಲಿಗೆ ನೂರೈವತ್ತರ ಮೇಲೆ ಕೊಟ್ಟ ನೆನಪು. ಒಗೆಯುವಾಗ ಬಟ್ಟೆ ಮೃದುವಾಗಿಸುವ ಕಂಫರ್ಟ್ ಹಾಕಬೇಡಿ, ಎಳೆಗೆ ಜಿಡ್ಡಿನಂತೆ ಅಂಟಿ ಹೀರುವ ಗುಣ ಕಡಿಮೆ ಮಾಡುತ್ತದೆ.

ಉಳಿದ ಚೂರಿಗೆ ಈರುಳ್ಳಿ ಚೀಲದ ನೆಟ್ ಸುತ್ತಿ ಪಾತ್ರೆ ಉಜ್ಜುವುದನ್ನೂ ಹೊಲಿದೆ. ಸ್ಟೀಲಿಗೆ ಪರವಾಗಿಲ್ಲ. ಒಳಗೆ ಸ್ಪಂಜ್ ಇಟ್ಟಿದ್ದು ವಾರದಲ್ಲಿ ನಾರಿತು, ಬನಿಯನ್ ಚೂರು ಇಟ್ಟಿದ್ದು ಇನ್ನೂ ನಡೆಯುತ್ತಿದೆ. ನಾನ್‌ಸ್ಟಿಕ್ ತವೆಗೆ ಮಾತ್ರ ತಾಗಿಸಬೇಡಿ, ಗೀರು ಬೀಳುತ್ತದೆ.