ಭತ್ತದ ಗದ್ದೆಗೆ ಜೇಡ ಕರೆಸಿದ್ದು: ಹುಲ್ಲಿನ ಪೆಂಡಿಯ ಲೆಕ್ಕ

ಮಲೇಬೆನ್ನೂರು ಕಡೆ ಭದ್ರಾ ಕಾಲುವೆ ನೀರಿನ ಮೂರು ಎಕರೆ ಗದ್ದೆ, ಜೇಡಕ್ಕೆ ಮನೆಯಾಗಲಿ ಅಂತ ಹುಲ್ಲಿನ ಪೆಂಡಿ ಇಟ್ಟು ಐದು ಬೆಳೆ ತೆಗೆದಾಯ್ತು. ಕೊನೆಯ ಮೂರು ಬೆಳೆಯಲ್ಲಿ ಪೈರಿನ ರಸ ಹೀರೋ ಕಂದು ಜಿಗಿಹುಳುಗೆ (ಜೇಡ ತಿನ್ನೋದು ಇದನ್ನೇ) ಔಷಧಿ ಹೊಡೆದದ್ದು ಒಂದೇ ಸಲ, ಅದೂ ಅರ್ಧ ಎಕರೆಗೆ. "ಇವನು ಜೇಡ ಸಾಕ್ತಾನಂತೆ" ಅಂತ ಬದುವಿನ ಮೇಲೆ ನಿಂತು ನಕ್ಕವರೇ ಈಗ ಪೆಂಡಿ ಹೇಗೆ ಕಟ್ಟೋದು ಅಂತ ಕೇಳ್ತಾರೆ. ಒಬ್ಬೊಬ್ಬರಿಗೂ ಹೇಳೋ ಬದಲು ಇಲ್ಲೇ ಬರೆದಿದ್ದೀನಿ. ನಾಟಿ, ನೀರು, ಗೊಬ್ಬರ ನಿಮಗೆ ಗೊತ್ತಿರೋದೇ, ಅದಕ್ಕೆ ಕೈ ಹಾಕಲ್ಲ.

ಮೊದಲು ದುಡ್ಡು ಹೋದ ಕಥೆ. ನಾಟಿಯಾಗಿ 25–30 ದಿನಕ್ಕೆ ಎಲೆ ಸುರುಳಿ ಹುಳು ಬರುತ್ತೆ, ಗದ್ದೆ ಬೆಳ್ಳಗೆ ಕಾಣುತ್ತೆ, ನಮಗೆ ಕೈ ತಡೆಯಲ್ಲ. ಅಗ್ಗ ಅಂತ ಸೈಪರ್‌ಮೆಥ್ರಿನ್ನೋ ಲ್ಯಾಂಬ್ಡಾನೋ ಹೊಡೀತೀವಿ. ಜಿಗಿಹುಳುವಿನ ಮೊಟ್ಟೆ ಇರೋದು ಎಲೆಯ ಒರೆಯೊಳಗೆ, ಔಷಧಿ ಅಲ್ಲಿಗೆ ಮುಟ್ಟಲ್ಲ. ಹೊರಗಿದ್ದ ಜೇಡ ಸಾಯುತ್ತೆ. ಏಳೆಂಟು ದಿನಕ್ಕೆ ಮೊಟ್ಟೆ ಒಡೆದು ಮರಿ ಬಂದಾಗ ತಿನ್ನೋರೇ ಇರಲ್ಲ. 65–70 ದಿನಕ್ಕೆ ಗದ್ದೆ ನಡುವೆ ಸುಟ್ಟ ಚಕ್ರ ಬೀಳುತ್ತಲ್ಲ, ಅದು ಈ ಮೊದಲ ಹೊಡೆತದ ಬಡ್ಡಿ. ಆಗ ಬೆಳೆಗೆ ನಾಲ್ಕೈದು ಸಲ ಹೊಡೀತಿದ್ದೆ. ಔಷಧಿ, ಆಳು, ಪಂಪು ಸೇರಿ ಸಲಕ್ಕೆ ಎಕರೆಗೆ ಸಾವಿರದ ಮುನ್ನೂರು–ನಾನೂರು. ಈಗ ನಾಟಿಯಿಂದ ನಲವತ್ತು ದಿನದವರೆಗೆ ಏನೂ ಹೊಡೆಯಲ್ಲ. ಆ ವಯಸ್ಸಲ್ಲಿ ಹೋದ ಎಲೆಯನ್ನು ಪೈರು ತಾನೇ ತುಂಬಿಕೊಳ್ಳುತ್ತೆ.

ಇನ್ನು ಪೆಂಡಿ. ಮಿಷನ್ ಕೊಯ್ಲಿನ ಹುಲ್ಲು ನುರಿದು ಹೋಗಿರುತ್ತೆ, ಕಟ್ಟಿದರೆ ನಿಲ್ಲಲ್ಲ. ಗದ್ದೆಯ ಒಂದು ಮೂಲೆಯನ್ನು ಕುಡುಗೋಲಲ್ಲಿ ಕೊಯ್ಸಿ ಇಟ್ಟುಕೊಳ್ಳಿ. ಹಿಡಿ ತುಂಬ ಅಲ್ಲ, ತೊಡೆ ದಪ್ಪ ಕಟ್ಟಬೇಕು. ಮೂರಡಿ ಗೂಟದ ಸುತ್ತ ಹುಲ್ಲಿಟ್ಟು ಮೇಲ್ಗಡೆ ಮಾತ್ರ ಬಿಗಿದು, ಕೆಳಗೆ ಗುಡಿಸಲ ಹಾಗೆ ಅಗಲಿಸಿ. ತುದಿ ನೀರಿಂದ ನಾಲ್ಕು ಬೆರಳು ಮೇಲಿರಲಿ. ಮೊದಲ ಸಲ ಬದುವಿನ ಮೇಲೆ ಮಲಗಿಸಿದ್ದೆ, ಅಡಿ ಕೊಳೆತು ಇಲಿ ಮರಿ ಹಾಕಿದ್ದವು. ಆಮೇಲೆ ಆ ಇಲಿಗಳೇ ಬದು ತೂತು ಮಾಡಿ ಒಂದು ಮಡಿಯ ನೀರು ಖಾಲಿ ಮಾಡಿದವು.

ಎಕರೆಗೆ ಹತ್ತು ಸಾಕು. ನಾಟಿಗೆ ಹತ್ತು–ಹನ್ನೆರಡು ದಿನ ಮೊದಲೇ ಬದುವಿನ ಮೇಲೆ ನಿಲ್ಲಿಸಿ. ಕೆಸರು ಮಾಡುವಾಗ ಗದ್ದೆಯಲ್ಲಿದ್ದ ಜೇಡ ಬದುವಿಗೆ ಓಡುತ್ತವಲ್ಲ, ಅವಕ್ಕೆ ಮನೆ ಸಿಕ್ಕಂಗಾಗುತ್ತೆ. ನಾಟಿಯಾಗಿ ಹದಿನೈದನೇ ದಿನ ಬೆಳಗ್ಗೆ ಇಬ್ಬನಿ ಇರುವಾಗಲೇ ಪೆಂಡಿಗೆ ಗೋಣಿಚೀಲ ಕೆಳಗಿಂದ ಏರಿಸಿ, ಗೂಟ ಕಿತ್ತು, ಗದ್ದೆಯೊಳಗೆ ನೆಡಬೇಕು. ಪ್ಲಾಸ್ಟಿಕ್ ಚೀಲ ಬೇಡ. ಒಮ್ಮೆ ಅದರಲ್ಲಿ ತುಂಬಿ ತಿಂಡಿ ತಿಂದು ಬರೋಷ್ಟರಲ್ಲಿ ಬಿಸಿಲಿಗೆ ಅರ್ಧಕ್ಕರ್ಧ ಸತ್ತಿದ್ದವು. ಪೆಂಡಿ ಕಟ್ಟೋ ಮೊದಲು ಹುಲ್ಲು ಒಂದು ರಾತ್ರಿ ನೆನೆಹಾಕ್ತೀನಿ. ಆ ನೀರಿಗೆ ಏನು ಬೆರೆಸ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ರವೇ ಇರಲಿ.

ಇದಕ್ಕೂ ಮೊದಲು ಜೇಡ ಹಿಡಿದು ತಂದು ಬಿಡೋ ದಾರಿ ನೋಡಿದ್ದೆ. ಕೂಲಿ ಹುಡುಗರಿಗೆ ಒಂದಕ್ಕೆ ಐವತ್ತು ಪೈಸೆ. ಇನ್ನೂರು ಜೇಡ ಎರಡು ಬಾಟಲಿಗೆ ತುಂಬಿದ್ವಿ, ಬೆಳಗ್ಗೆಗೆ ಅರವತ್ತೂ ಇರಲಿಲ್ಲ, ಒಂದನ್ನೊಂದು ತಿಂದಿದ್ದವು. ಜೇಡಕ್ಕೆ ಜೇಡವೂ ಊಟವೇ.

ಯಾವ್ಯಾವ ಜೇಡ ಅಂತ ಗುರುತಿಸೋದು ಕಲಿತ ಮೇಲೇ ಗದ್ದೆ ಓದೋಕೆ ಬಂದಿದ್ದು. ನಮ್ಮ ಗದ್ದೆ, ಬದು, ಪಕ್ಕದ ಅಡಿಕೆ ತೋಟ ಸೇರಿ ಮೂವತ್ತರ ಹತ್ತಿರ ಬಗೆ ಎಣಿಸಿದ್ದೀನಿ. ಕೆಲಸಕ್ಕೆ ಬರೋವು ನಾಲ್ಕೈದು. ಮೊದಲನೆಯದು ತೋಳ ಜೇಡ. ಬಲೆ ಕಟ್ಟಲ್ಲ, ನೀರಿನ ಮೇಲೂ ಓಡುತ್ತೆ, ಪೈರಿನ ಬುಡದಲ್ಲೇ ಇರುತ್ತೆ. ಜಿಗಿಹುಳು ಕೂರೋದೂ ಅಲ್ಲೇ. ದಿನಕ್ಕೆ ಐದರಿಂದ ಹದಿನೈದು ಹುಳ ಮುಗಿಸುತ್ತೆ. ಹೆಣ್ಣು ಮೊಟ್ಟೆಯ ಗಂಟನ್ನು ಹಿಂಬದಿಗೆ ಅಂಟಿಸಿಕೊಂಡೇ ಓಡಾಡುತ್ತೆ, ಮರಿ ಒಡೆದ ಮೇಲೆ ಬೆನ್ನ ತುಂಬ ಹೊತ್ತಿರುತ್ತೆ. ದೂರದಿಂದ ಬೆನ್ನಿಗೆ ಬೂಸ್ಟು ಬಂದಂಗೆ ಕಾಣುತ್ತೆ, ಬೆರಳು ತಾಗಿಸಿದರೆ ಬೂಸ್ಟು ಚದುರಿ ಓಡುತ್ತೆ. ಎರಡನೆಯದು ಕುಳ್ಳ ಜೇಡ, ಎಳ್ಳುಕಾಳಿಗಿಂತ ತುಸು ಚಿಕ್ಕದು, ಬುಡದಲ್ಲಿ ಸಣ್ಣ ಬಲೆ. ಇದನ್ನು ಹುಳ ಅಂದುಕೊಂಡು ಔಷಧಿ ಹೊಡೆದವರು ಬೇಕಾದಷ್ಟು ಜನ. ಜಿಗಿಹುಳುವಿನ ಮರಿಗಳಿಗೆ ಇದೇ ಯಮ. ಮೂರನೆಯದು ಉದ್ದ ದವಡೆಯದು, ಕಾಲು ಮುಂದಕ್ಕೂ ಹಿಂದಕ್ಕೂ ಚಾಚಿ ಗರಿಗೆ ಅಂಟಿ ಮಲಗಿದರೆ ಇಲ್ಲವೇ ಇಲ್ಲ ಅನ್ನಿಸುತ್ತೆ. ಸಂಜೆ ಪೈರಿನ ತಲೆ ಮೇಲೆ ಬಲೆ ಹಾಕುತ್ತೆ. ಕಾಂಡಕೊರಕದ ಪತಂಗಕ್ಕೆ ಲಿಂಕ್ಸ್ ಜೇಡ, ಕಾಲ ತುಂಬ ಮುಳ್ಳು, ಗರಿಯಿಂದ ಗರಿಗೆ ನೆಗೆಯುತ್ತೆ. ಅಡ್ಡಾದಿಡ್ಡಿ ಬಿಳಿ ಗೆರೆ ಎಳೆಯೋ ಸಹಿ ಜೇಡ ನೋಡೋಕೆ ಚಂದ, ಆದರೆ ಬರೋದು ತೆನೆ ಹೊತ್ತಿಗೆ.

ಗುರುತಿಗೆ ಮೊಬೈಲಿಗೆ ಸಿಕ್ಕಿಸೋ ಮುನ್ನೂರು ರೂಪಾಯಿ ಲೆನ್ಸ್ ಸಾಕು. ಬಣ್ಣ ನಂಬಬೇಡಿ, ಕಣ್ಣಿನ ಸಾಲು ನೋಡಿ. ತೋಳ ಜೇಡಕ್ಕೆ ಮುಂದೆ ನಾಲ್ಕು ಸಣ್ಣ, ಅದರ ಮೇಲೆ ಎರಡು ದೊಡ್ಡ, ಹಿಂದೆ ಎರಡು. ಜಿಗಿ ಜೇಡಕ್ಕೆ ಮುಂದಿನ ಎರಡು ಕಣ್ಣು ಕಾರಿನ ಲೈಟಿನಂಗೆ. ಸತ್ತದ್ದನ್ನು ತಟ್ಟೆಯಲ್ಲಿಟ್ಟರೆ ಉರುಳ್ತಾ ಇರುತ್ತೆ, ಸ್ಯಾನಿಟೈಸರ್ ಜೆಲ್ ಒಂದು ಚಮಚ ಹಾಕಿ ಅದರಲ್ಲಿ ಮುಳುಗಿಸಿ, ಬೇಕಾದ ಕಡೆ ತಿರುಗಿಸಿ ನಿಲ್ಲಿಸಬಹುದು. ಮರಿಗಳಿಗೆ ಹೆಸರು ಹುಡುಕ್ತಾ ಹೊತ್ತು ಕಳೆಯಬೇಡಿ, ಬೆಳೆದವನ್ನೇ ನೋಡಿ.

ಎಣಿಕೆ ಬೆಳಗ್ಗೆ ಏಳರೊಳಗೆ. ಗದ್ದೆ ಮೂಲೆಯಿಂದ ಮೂಲೆಗೆ ನಡೆದು ಇಪ್ಪತ್ತು ಬುಡ, ಒಂದೊಂದನ್ನೂ ಬಗ್ಗಿಸಿ ಬಿಳಿ ತಟ್ಟೆಗೆ ಎರಡು ಸಲ ತಟ್ಟಿ. ಬುಡಕ್ಕೆ ಒಂದೆರಡು ಜೇಡ ಇದ್ದು ಹುಳ ಹತ್ತರೊಳಗಿದ್ದರೆ ಸುಮ್ಮನಿರಿ. ಹುಳ ಏರ್ತಾ ಜೇಡ ನಿಂತಲ್ಲೇ ನಿಂತರೆ ನೀರು ಬಸಿದು ಮೂರು ದಿನ ಬಿಡಿ, ಯೂರಿಯಾ ನಿಲ್ಲಿಸಿ. ಆಗಲೂ ಬಗ್ಗದಿದ್ದರೆ ಬುಪ್ರೊಫೆಜಿನ್, ಎಕರೆಗೆ 320–330 ಮಿಲಿ, ಹುಳ ಇರೋ ಚಕ್ರಕ್ಕೆ ಮಾತ್ರ, ಬುಡಕ್ಕೆ ಬೀಳೋ ಹಾಗೆ. ಮರಿಹುಳುವಿನ ಪೊರೆ ಕಳಚೋದನ್ನು ತಡೆಯೋ ಔಷಧಿ ಅದು, ಜೇಡಕ್ಕೆ ಅಷ್ಟಾಗಿ ತಟ್ಟಲ್ಲ. ನಾಲ್ಕು ದಿನ ಏನೂ ಆಗಿಲ್ಲ ಅನ್ನಿಸುತ್ತೆ, ಗಾಬರಿಬಿದ್ದು ಇನ್ನೊಂದು ಹೊಡೆಯಬೇಡಿ. ರಾತ್ರಿ ಎಣಿಸೋದು ಇನ್ನೂ ಸಲೀಸು. ಬ್ಯಾಟರಿ ಹಣೆಗೆ ಕಟ್ಟಿ ಬೆಳಕು ಬದುವಿನ ಮೇಲೆ ಬಿಟ್ಟರೆ ತೋಳ ಜೇಡದ ಕಣ್ಣು ಹಸಿರು ಚುಕ್ಕಿಯಾಗಿ ಹೊಳೆಯುತ್ತೆ. ಬ್ಯಾಟರಿ ಕೈಯಲ್ಲಿ ಹಿಡಿದರೆ ಕಾಣಲ್ಲ, ಕಣ್ಣಿನ ಮಟ್ಟದಲ್ಲೇ ಇರಬೇಕು.

ಪೆಂಡಿ ಇಟ್ಟೂ ಜೇಡ ನಿಲ್ಲದಿದ್ದರೆ ತಪ್ಪು ಊಟದ್ದು. ನಾಟಿಯಾದ ಹೊಸದರಲ್ಲಿ ಗದ್ದೆಯಲ್ಲಿ ಹುಳವೇ ಇರಲ್ಲ, ಜೇಡ ಏನು ತಿನ್ನಬೇಕು? ಎಕರೆಗೆ ಎರಡು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಬಿದ್ದ ಮಡಿಯಲ್ಲಿ ನೀರಿನ ಮೇಲೆ ಗುಂಗುರು ಮೋಡದಂಗೆ ಏಳುತ್ತೆ. ಅದು ಬೆಳೆಗೆ ಏನೂ ಮಾಡಲ್ಲ, ಜೇಡಕ್ಕೆ ಹಬ್ಬ. ಬರೀ ಡಿಎಪಿ ರಸಗೊಬ್ಬರ ಹಾಕಿದ ಮಡಿಯಲ್ಲಿ ಇಪ್ಪತ್ತನೇ ದಿನ ಜೇಡ ಅರ್ಧವೂ ಇರಲಿಲ್ಲ. ಬದುವಿಗೆ ಕಳೆನಾಶಕ ಹೊಡೆದರೂ ಅದೇ ಗತಿ, ಕುಡುಗೋಲಲ್ಲಿ ಒಂದು ಗೇಣು ಬಿಟ್ಟು ಕೊಯ್ಯಿರಿ.

ಹೊಸದುರ್ಗದ ದಾಳಿಂಬೆ ತೋಟವೊಂದರಲ್ಲಿ ಬೇರೆ ಪ್ರಯೋಗ ಮಾಡಿ ಸೋತೆ. ಹಿರಿಯೂರು ರಸ್ತೆಯ ಜಾಲಿ ಗಿಡಗಳಲ್ಲಿ ನೂರಾರು ಜೇಡ ಒಟ್ಟಿಗಿರೋ ದೊಡ್ಡ ಬಲೆ ನೋಡಿರ್ತೀರಿ. ಕೊಂಬೆ ಸಮೇತ ಆರು ಗೂಡು ತಂದು ಬೇಲಿಗೆ ಕಟ್ಟಿದೆ. ಬಲೆ ಚಿಗುರಿಗೆಲ್ಲ ಹಬ್ಬಿ ಚಾಟನಿಗೆ (ಕೊಂಬೆ ಸವರೋಕೆ) ಬಂದ ಆಳುಗಳು ಕೈ ಹಾಕಲ್ಲ ಅಂದರು. ದಾಳಿಂಬೆಯ ಗೋಳು ಥ್ರಿಪ್ಸ್ ಅನ್ನೋ ತೀರಾ ಸಣ್ಣ ರಸ ಹೀರೋ ಹುಳ, ಈ ಬಲೆಗೆ ಬೀಳೋದು ಮಿಡತೆ, ದುಂಬಿ. ಹೂವಲ್ಲಿ ಕೂರೋ ಏಡಿ ಜೇಡವಂತೂ ಜೇನನ್ನೇ ಹಿಡಿಯುತ್ತೆ. ಅಲ್ಲಿ ಲಾಭ ಇಲ್ಲ, ಸುಮ್ಮನೆ ಸಾವಿರದೈನೂರು ಹೋಯ್ತು.

ಭತ್ತದಲ್ಲಿ ಈಗ ಪೆಂಡಿಗೆ, ಆಳಿಗೆ ಎಕರೆಗೆ ನಾನೂರು ಖರ್ಚು. ಮೊದಲಿಗಿಂತ ಎಕರೆಗೆ ನಾಲ್ಕು ಸಾವಿರಕ್ಕೂ ಮೇಲೆ ಉಳಿದಿದೆ. ಇಳುವರಿ ಏರಿಲ್ಲ, ಇಳಿದೂ ಇಲ್ಲ. ಪಕ್ಕದ ಗದ್ದೆಯವರು ಹೊಡೆಯೋ ದಿನ ಕೇಳಿಟ್ಟುಕೊಳ್ಳಿ, ಗಾಳಿ ನಿಮ್ಮ ಕಡೆ ಇದ್ದರೆ ಅವರ ಬದುವಿನ ಕಡೆಯ ಪೆಂಡಿ ಹಿಂದಿನ ಸಂಜೆಯೇ ಈಚೆಗೆ ತನ್ನಿ. ಕೊಯ್ಲು ಮಿಷನ್ ಬರೋಕೆ ಎರಡು ದಿನ ಮೊದಲು ಎಲ್ಲ ಪೆಂಡಿ ಮತ್ತೆ ಬದುವಿಗೆ. ಬೇಸಿಗೆ ಬೆಳೆಗೆ ಅವೇ ಬೀಜ.